ಕಂತಿನ ಹಣಕ್ಕೆ ಅಲೆದ ಹೆಸ್ಲಪ್

ಕತ್ಬರ್ಟ್ ಹೆಸ್ಲಪ್‌ನನ್ನು ನಾನು ಮೊದಲು ನೋಡಿದ್ದು ಸಾವಿರದ ಎಂಟುನೂರ ಮೂವತ್ತೆರಡನೇ ಇಸವಿ, ನವೆಂಬರಿನ ಒಂದು ಬುಧವಾರ. ನ್ಯೂಕಾಸಲ್ಲಿನ ಪಿಲ್‌ಗ್ರಿಮ್ ಬೀದಿಯ ಒಂದು ಮೇಲ್ಮಾಳಿಗೆಯಲ್ಲಿ ನಾವು ಒಂಬತ್ತು ಹೆಂಗಸರು ಉದ್ದ ಮೇಜಿನ ಎರಡೂ ಕಡೆ ಕೂತು ಅಚ್ಚಾದ ಹಕ್ಕಿಗಳಿಗೆ ಬಣ್ಣ ಹಚ್ಚುತ್ತಿದ್ದೆವು. ಬಾಗಿಲು ತಳ್ಳಿಕೊಂಡು ಒಬ್ಬ ಸಣಕಲ ಮನುಷ್ಯ ಒಳಗೆ ಬಂದ. ಮೊಣಕಾಲಿನವರೆಗೆ ಕೆಸರು, ಎದೆಗೆ ಅಡ್ಡಲಾಗಿ ಮೇಣಬಟ್ಟೆಯ ಚೀಲ, ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ನನ್ನ ಹಾಳೆಗಳನ್ನು ಹಿಂದಕ್ಕೆ ಎಳೆದುಕೊಂಡೆ.

"ಟೋಪಿ ಆಚೆ ಇಟ್ಟು ಬನ್ನಿ, ನೀರು ಬೀಳ್ತಿದೆ," ಅಂದೆ. ನಾನು ಅವನಿಗೆ ಆಡಿದ ಮೊದಲ ಮಾತು ಅದೇ.

ಅವನು ಟೋಪಿ ತೆಗೆಯಲಿಲ್ಲ. ಚೀಲದಿಂದ ಒಂದು ಚಿತ್ರ ತೆಗೆದು ಎತ್ತಿ ಹಿಡಿದ. ಗೂಸಾಂಡರ್ ಅನ್ನೋ ದೊಡ್ಡ ನೀರುಬಾತಿನ ಗಂಡು ಅದು. ಹಸಿರು ತಲೆ, ಕೆಂಪು ಕೊಕ್ಕು.

"ಈ ಎದೆಗೆ ಬಣ್ಣ ಹಚ್ಚಿದವರು ಯಾರು?"

"ಎದೆಗಳೆಲ್ಲ ನನ್ನವೇ," ಅಂದೆ.

ನಮ್ಮಲ್ಲಿ ಕೆಲಸ ಹಾಗೇ ಹಂಚಿತ್ತು. ಒಬ್ಬಳಿಗೆ ತಲೆ, ಒಬ್ಬಳಿಗೆ ರೆಕ್ಕೆ, ನ್ಯಾನ್ ಜಾಬ್ಲಿಂಗ್‌ಗೆ ಕಾಲು, ನನಗೆ ಎದೆ. ನ್ಯಾನ್ ಕುಂಚ ನೆಕ್ಕುತ್ತಲೇ ಹೇಳಿದಳು: "ಮಿಸೆಸ್ ಸ್ನೇತ್ ಗಂಡ ಹೋಗಿ ಹನ್ನೊಂದು ವರ್ಷ. ಎದೆ ವಿಚಾರಿಸಿಕೊಂಡು ಗಂಡಸು ಬಂದಿದ್ದು ಇವತ್ತೇ ನೋಡ್ರೇ."

ಎಲ್ಲರೂ ನಕ್ಕರು. ಹೆಸ್ಲಪ್ ನಗಲಿಲ್ಲ. ಅವನಿಗೆ ನಗು ಬರುವ ಸ್ಥಿತಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಪುಸ್ತಕ ಗಾರ್ತ್ ಅನ್ನೋ ಪಂಡಿತರದ್ದು. ಉತ್ತರದ ಹೊಳೆಗಳ ಹಕ್ಕಿಗಳನ್ನೆಲ್ಲ ಬರೆದು ಇಪ್ಪತ್ತು ಕಂತಿನಲ್ಲಿ ಹೊರಡಿಸುತ್ತಿದ್ದರು. ಎರಡು ತಿಂಗಳಿಗೆ ಒಂದು ಕಂತು, ಕಂತಿಗೆ ಆರು ಚಿತ್ರ, ಹನ್ನೆರಡು ಶಿಲಿಂಗ್. ನೂರ ನಲವತ್ತು ಮಂದಿ ಕೊಳ್ಳುತ್ತೇವೆ ಅಂತ ಹೆಸರು ಬರೆದುಕೊಟ್ಟಿದ್ದರು. ಕಂತು ಕೈಗೆ ಬಂದಾಗ ದುಡ್ಡು ಕೊಡಬೇಕು ಅನ್ನೋದು ಕರಾರು. ಕಂತು ಮನೆಮನೆಗೆ ಮುಟ್ಟಿಸಿ ದುಡ್ಡು ವಸೂಲು ಮಾಡುವುದು ಹೆಸ್ಲಪ್‌ನ ಕೆಲಸ. ಹೆಸರು ಬರೆಯುವಾಗ ಇದ್ದ ಉತ್ಸಾಹ ಹಣದ ಚೀಲ ಬಿಚ್ಚುವಾಗ ಯಾರಿಗೂ ಇರಲಿಲ್ಲ. ಒಬ್ಬ ಇಪ್ಪತ್ತೂ ಬರಲಿ, ಒಟ್ಟಿಗೆ ಕೊಡುತ್ತೇನೆ ಅನ್ನುವನು. ದುಡ್ಡು ಬರದಿದ್ದರೆ ಇಪ್ಪತ್ತು ಬರುವುದು ಹೇಗೆ ಅಂತ ಹೆಸ್ಲಪ್ ಕೇಳಿದರೆ ಅದು ನಿಮ್ಮ ಕಷ್ಟ ಅನ್ನುವನು. ಇನ್ನೊಬ್ಬನ ಮನೆಯಲ್ಲಿ ಯಜಮಾನರು ಊಟಕ್ಕೆ ಕೂತಿದ್ದಾರೆ, ಮತ್ತೊಬ್ಬನ ಮನೆಯಲ್ಲಿ ಈಗಷ್ಟೇ ಊಟ ಮುಗಿಸಿ ಮಲಗಿದ್ದಾರೆ. ಹೆಸ್ಲಪ್ ಹದಿನೈದು ಮೈಲಿ ನಡೆದು ಹೋಗಿ ಬರಿಗೈಲಿ ಹದಿನೈದು ಮೈಲಿ ವಾಪಸ್ ಬರುತ್ತಿದ್ದ. ವಸೂಲಾದ ಪ್ರತಿ ಹನ್ನೆರಡು ಶಿಲಿಂಗಿಗೆ ಅವನಿಗೆ ಒಂದು.

ಕಾರ್ಬ್ರಿಜ್ ಕಡೆಯ ಕರ್ನಲ್ ಥಾರ್ನ್‌ಲಿ ಮೊದಲೆರಡು ಕಂತಿಗೆ ಕೊಟ್ಟು ಮೂರನೆಯದರಿಂದ ನಿಲ್ಲಿಸಿಬಿಟ್ಟಿದ್ದರು. ಅವರನ್ನು ನೋಡಿ ಹೆಸರು ಬರೆದ ಅಕ್ಕಪಕ್ಕದ ಆರು ಮನೆಯವರೂ ಅವರನ್ನು ನೋಡಿಯೇ ನಿಲ್ಲಿಸಿದರು. ಕರ್ನಲ್ ಕೊಡಲಿ, ನಾವೂ ಕೊಡುತ್ತೇವೆ ಅಂತ ಆರೂ ಮನೆಯಲ್ಲಿ ಒಂದೇ ಮಾತು. ಈಗ ಹನ್ನೊಂದನೇ ಕಂತು ಹೊರಟಿತ್ತು. ತಲೆಗೆ ಒಂಬತ್ತು ಕಂತು, ಪೌಂಡಿಗೆ ಇಪ್ಪತ್ತು ಶಿಲಿಂಗಿನ ಲೆಕ್ಕದಲ್ಲಿ ಐದು ಪೌಂಡ್ ಎಂಟು ಶಿಲಿಂಗ್ ಬಾಕಿ. ಇಷ್ಟು ದಿನ ಕರ್ನಲ್ ಮುಂದಿನ ಸಲ ಅನ್ನುತ್ತಲೇ ಬಂದಿದ್ದರು. ಕಾರಣ ಬಾಯಿಬಿಟ್ಟಿದ್ದು ಹಿಂದಿನ ದಿನ ಮಾತ್ರ.

"ಒಂದೂವರೆ ವರ್ಷ, ಮಿಸೆಸ್ ಸ್ನೇತ್," ಅಂದ ಹೆಸ್ಲಪ್. "ಒಂದೂವರೆ ವರ್ಷ ಆದಮೇಲೆ ಹೇಳ್ತಾರೆ, ಮೂರನೇ ಕಂತಿನ ಈ ಎದೆ ಬಣ್ಣ ತಪ್ಪು ಅಂತ. ಅವರ ಮೆಟ್ಟಿಲ ಹತ್ತಿರ ಗಾಜಿನ ಪೆಟ್ಟಿಗೇಲಿ ಇದೇ ಹಕ್ಕಿ ಇದೆ. ಅವರೇ ಹೊಡೆದಿದ್ದು, ಹುಲ್ಲು ತುಂಬಿಸಿಟ್ಟಿದ್ದು. ಅದರ ಎದೆ ಬಿಳಿ. ನೀವು ಹಚ್ಚಿರೋದು ಗುಲಾಬಿ."

"ಗುಲಾಬಿ ಅಲ್ಲ. ಏಪ್ರಿಕಾಟ್ ಹಣ್ಣಿನ ಸಿಪ್ಪೆ ಬಣ್ಣ, ಅದರಲ್ಲೂ ನೀರು ಜಾಸ್ತಿ."

"ಏನಾದ್ರೂ ಆಗಲಿ. ಒರೆಸಿ ಬಿಳಿ ಮಾಡ್ಕೊಡಿ. ಒಂದೇ ಹಾಳೆ, ಒಬ್ಬರೇ ಗಿರಾಕಿ."

"ಆಗಲ್ಲ."

ಬಣ್ಣ ಕಾಗದಕ್ಕೆ ಇಳಿದು ಒಂದೂವರೆ ವರ್ಷವಾಗಿತ್ತು, ಒರೆಸಿದರೆ ಕಾಗದವೇ ಏಳುತ್ತದೆ. ಮೇಲೆ ಸೀಸದ ಬಿಳಿ ಹಚ್ಚಿದರೆ ನಾಲ್ಕು ವರ್ಷದಲ್ಲಿ ಕಪ್ಪಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮೇಜಿನ ತಲೆಯಲ್ಲಿ ಗಾರ್ತರು ತಮ್ಮ ಕೈಯಾರೆ ಬಣ್ಣ ಹಚ್ಚಿದ ಮಾದರಿ ಹಾಳೆ ಇರುತ್ತಿತ್ತು. ಅದನ್ನು ಬಿಟ್ಟು ಒಂದು ಗೆರೆ ಆಚೆ ಹೋಗುವ ಹಾಗಿರಲಿಲ್ಲ. ಆ ಮಾದರಿ ಮಾಡುವಾಗ ಈಗಷ್ಟೇ ಹೊಡೆದು ತಂದ ಹಕ್ಕಿಯನ್ನು ನಾನೂ ನೋಡಿದ್ದೆ. ಇನ್ನೂ ಬೆಚ್ಚಗಿತ್ತು. ಬಣ್ಣ ಬೆರೆಸಿದ ಚಿಪ್ಪನ್ನು ಎದೆಯ ಪಕ್ಕ ಇಟ್ಟು ಏಳು ಸಲ ಹೋಲಿಸಿದ್ದೆ.

"ಒಂದು ಬಾತಿನ ಎದೆ ಕಣಮ್ಮಾ ಇದು, ಬೈಬಲ್ ಅಲ್ಲ," ಅಂದ.

"ಹಕ್ಕಿ ಇರೋದೇ ಹಾಗೆ. ಸತ್ತ ಮೇಲೆ ಆ ಬಣ್ಣ ಇಳಿದುಹೋಗುತ್ತೆ. ಕರ್ನಲ್‌ರಿಗೆ ಹೇಳಿ."

"ಕರ್ನಲ್‌ರಿಗೆ ನಾನು ಹೇಳೋದಾ? ನನ್ನನ್ನ ಒಳಗೆ ಬಿಡೋದೇ ಇಲ್ಲ, ಹಿಂದಿನ ಬಾಗಿಲಲ್ಲಿ ನಿಂತು ಆಳಿಗೆ ಹೇಳಬೇಕು. ಆ ಆಳು ನಾನು ಹೇಳಿದ್ದರಲ್ಲಿ ಅರ್ಧ ನುಂಗ್ತಾನೆ."

ಆಮೇಲೆ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಅಲ್ಲಿ ನಿಜವಾದ ಸಂಗತಿ ಹೊರಗೆ ಬಂತು. ಗಾರ್ತರ ಹತ್ತಿರ ಬಿಡಿಗಾಸಿಲ್ಲದೆ, ಕಾಗದದ ವ್ಯಾಪಾರಿ ಕಾಗದ ನಿಲ್ಲಿಸಿದಾಗ ಹೆಸ್ಲಪ್ ತಾನೇ ಜಾಮೀನು ನಿಂತು ಮೂವತ್ತಾರು ಪೌಂಡಿಗೆ ಸಹಿ ಹಾಕಿದ್ದ. ಮಾರ್ಚ್ ಇಪ್ಪತ್ತೈದು ಗಡುವು. ಅಂದು ಕಟ್ಟದಿದ್ದರೆ ಸಾಲಗಾರರ ಜೈಲು.

"ನೀವ್ಯಾಕೆ ಸಹಿ ಹಾಕಿದ್ರಿ?" ಅಂದೆ.

"ಏಳು ಜನ ಗಣ್ಯರು ಹೆಸರು ಬರೆದುಕೊಟ್ಟಿದ್ರು. ಗಣ್ಯರು ಕೊಡದೆ ಇರ್ತಾರಾ ಅಂತ."

ದಡ್ಡತನವೇ ಅದು. ಆದರೆ ನಾನು ಹಚ್ಚಿದ ಸರಿಯಾದ ಬಣ್ಣಕ್ಕೆ ಒಬ್ಬ ಮನುಷ್ಯ ಜೈಲಿಗೆ ಹೋಗುವುದು ನನಗೆ ಸಹಿಸುವ ಮಾತಾಗಿರಲಿಲ್ಲ. ಹೊಸದಾಗಿ ಹೊಡೆದ ಹಕ್ಕಿಯನ್ನು ಕರ್ನಲ್‌ರ ಕಣ್ಣಿಗೆ ಹಿಡಿಯೋಣ ಅಂತ ಹೇಳಿದವಳು ನಾನೇ.

ಟೈನ್ ನದಿಯ ಬೇಟೆಗಾರ ಟಲ್ಲಿಗೆ ಹೇಳಿಟ್ಟೆವು. ಜನವರಿಯಲ್ಲಿ ಹೊಳೆಯ ಅಂಚು ಹೆಪ್ಪುಗಟ್ಟಿದ ಮೇಲೆ, ಒಂದು ಶನಿವಾರ, ಒಂದು ಗಂಡು ಸಿಕ್ಕಿತು. ಅಂದೇ ಬೆಳಿಗ್ಗೆ ಸಾಮಾನಿನ ಗಾಡಿಯಲ್ಲಿ, ಬ್ಯಾರಲ್ಲುಗಳ ಮಧ್ಯೆ ಹಕ್ಕಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸ್ಲಪ್ ಮತ್ತು ನಾನು ಹೊರಟೆವು. ಹದಿನೇಳು ಮೈಲಿ. ತಲುಪುವ ಹೊತ್ತಿಗೆ ಮಧ್ಯಾಹ್ನ ಮೂರು. ಹಿಂದಿನ ಬಾಗಿಲಲ್ಲಿ ಆಳು ಹೇಳಿದ, ಕರ್ನಲ್ ನರಿ ಬೇಟೆಗೆ ಹೋಗಿದ್ದಾರೆ, ಸೋಮವಾರ ಬನ್ನಿ.

"ಸೋಮವಾರ ಆದ್ರೆ ಬಣ್ಣ ಹೋಗಿರುತ್ತಪ್ಪಾ," ಅಂದ ಹೆಸ್ಲಪ್.

"ಹಾಗಾದ್ರೆ ಮಂಗಳವಾರ ಬನ್ನಿ."

ಹೆಸ್ಲಪ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹಕ್ಕಿಯನ್ನು ಹಿಮದಲ್ಲಿ ಹೂತು ಊರಿನ ಛತ್ರದಲ್ಲಿ ಉಳಿದೆವು. ನಾನು ಅಡುಗೆಯವಳ ಜೊತೆ, ಅವನು ಕುದುರೆಗಳ ಜೊತೆ. ಸೋಮವಾರ ತೆಗೆದು ನೋಡಿದರೆ ಎದೆ ಹಾಲಿನ ಹಾಗೆ ಬಿಳಿ. ಅದನ್ನು ಒಯ್ದು ತೋರಿಸಿದ್ದರೆ ಕರ್ನಲ್ ಹೇಳಿದ್ದೇ ಸರಿ ಅಂತ ನಾವೇ ಸಾಕ್ಷಿ ಹೇಳಿದ ಹಾಗಾಗುತ್ತಿತ್ತು. ಗೇಟಿನವರೆಗೆ ಹೋಗಿ ವಾಪಸ್ ಬಂದೆವು. ದಾರಿಯುದ್ದಕ್ಕೂ ಹೆಸ್ಲಪ್ ಒಂದೇ ಮಾತು ಆಡಿದ: "ನರಿಗೆ ಎಂಥ ಅದೃಷ್ಟ, ಕರ್ನಲ್ ಹುಡುಕ್ಕೊಂಡು ಹೋಗ್ತಾರೆ."

ಫೆಬ್ರವರಿಯಲ್ಲಿ ಎರಡನೇ ಹಕ್ಕಿ ಸಿಕ್ಕಿತು. ನನಗೆ ಮೇಜಿನಲ್ಲಿ ಬಾತಿನ ಎದೆ ಕಾದಿದ್ದರಿಂದ ಹೆಸ್ಲಪ್ ಒಬ್ಬನೇ ಹೋದ. ಈ ಸಲ ಕರ್ನಲ್ ಮನೆಯಲ್ಲೇ ಇದ್ದರು. ಆಳು, ಕೊಡು ತೋರಿಸುತ್ತೇನೆ ಅಂತ ಹಕ್ಕಿ ತೆಗೆದುಕೊಂಡು ಹೋದ. ಹೆಸ್ಲಪ್ ಅಂಗಳದಲ್ಲಿ ಮುಕ್ಕಾಲು ಗಂಟೆ ನಿಂತ. ಆಮೇಲೆ ಆಳು ಬಂದು ಅರ್ಧ ಕ್ರೌನಿನ ನಾಣ್ಯ ಕೊಟ್ಟು, ಬಾತು ತಂದಿದ್ದಕ್ಕೆ ಕರ್ನಲ್ ವಂದನೆ ಹೇಳಿದ್ದಾರೆ ಅಂದ. ಹಿಂದಿನ ಬಾಗಿಲಿಗೆ ಯಾರೇ ಹಕ್ಕಿ ತಂದರೂ ಅದು ಆ ಮನೆಯಲ್ಲಿ ನೇರ ಅಡುಗೆಮನೆಗೆ ಹೋಗುತ್ತದೆ. ಅಡುಗೆಯವಳು ಮೊದಲು ಕಿತ್ತದ್ದೇ ಎದೆಯ ಪುಕ್ಕ.

ಹೆಸ್ಲಪ್ ಅಲ್ಲೇ ಚೀಲ ಬಿಚ್ಚಿ ರಸೀದಿ ಬರೆಯಲು ಕೂತನಂತೆ.

"ಏನದು?" ಅಂದ ಆಳು.

"ಬಾಕಿಯಲ್ಲಿ ಎರಡೂವರೆ ಶಿಲಿಂಗ್ ಜಮಾ."

"ಅದು ಬಾತಿಗೆ ಕೊಟ್ಟಿದ್ದು."

"ಬಾತು ಮಾರಕ್ಕೆ ನಾನು ಬಂದಿಲ್ಲಪ್ಪಾ."

"ಹಾಗಾದ್ರೆ ನಾಣ್ಯ ವಾಪಸ್ ಕೊಡು."

ಕೊಟ್ಟು ಬಂದ. ಗೂಸಾಂಡರ್ ಮೀನು ತಿಂದು ಬೆಳೆಯುವ ಹಕ್ಕಿ, ಅದರ ಮಾಂಸ ಎಣ್ಣೆ ದೀಪದ ಹಾಗೆ ನಾರುತ್ತದೆ. ಅಂದು ಕರ್ನಲ್ ಮನೆಯಲ್ಲಿ ನೆಂಟರಿದ್ದರು. ಹೆಸ್ಲಪ್ ತನಗೆ ಕೊಳೆತ ಬಾತು ತಿನ್ನಿಸಿದ, ಇಂಥವನಿಗೆ ಚಿಕ್ಕಾಸೂ ಕೊಡಬೇಡಿ ಅಂತ ಕರ್ನಲ್ ಆರೂ ಮನೆಗೆ ಹೇಳಿ ಕಳಿಸಿದರು. ಇದನ್ನು ನನಗೆ ಹೇಳುವಾಗ ಹೆಸ್ಲಪ್ ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದ.

"ಇನ್ನೊಂದ್ಸಲ ಹೋಗೋಣ," ಅಂದೆ.

"ನನ್ನ ಮುಖ ಕಂಡರೆ ನಾಯಿ ಬಿಡ್ತಾರೆ."

"ನಿಮ್ಮ ಮುಖ ಬೇಡ. ನಾನು ಹೋಗ್ತೀನಿ. ಮುಂದಿನ ಬಾಗಿಲಿಂದ."

ಮಾರ್ಚ್ ಹನ್ನೆರಡು, ಮಂಗಳವಾರ. ಚಳಿ ಮುಗಿಯುತ್ತಾ ಬಂದಿತ್ತು, ಹಕ್ಕಿಗಳು ಹೊಳೆಯ ಮೇಲ್ಭಾಗಕ್ಕೆ ಹೊರಟಿದ್ದವು. ಟಲ್ಲಿ ಹೊಡೆದದ್ದು ಕಾರ್ಬ್ರಿಜ್ ಸೇತುವೆಯ ಹತ್ತಿರವೇ, ಬೆಳಿಗ್ಗೆ ಒಂಬತ್ತಕ್ಕೆ. ಹೆಸ್ಲಪ್ ಸೇತುವೆಯ ಮೇಲೆ ನಿಂತ. ನಾನು ಕಪ್ಪು ಶಾಲಿನೊಳಗೆ ಹಕ್ಕಿ ಇಟ್ಟುಕೊಂಡು ಹೋಗಿ ಮುಂದಿನ ಬಾಗಿಲು ಬಡಿದೆ. ಬಟ್ಲರ್ ನನ್ನ ವಿಧವೆ ಟೋಪಿಯನ್ನು ನೋಡಿ, ಒಂದು ಮಾತೂ ಕೇಳದೆ, ಒಳಗಿನ ಬೆಂಚು ತೋರಿಸಿದ. ಅಲ್ಲಿ ಆಗಲೇ ಮೂವರು ವಿಧವೆಯರು ಕೂತಿದ್ದರು. ಕರ್ನಲ್ ತಮ್ಮ ದಳದಲ್ಲಿ ಸತ್ತ ಸಿಪಾಯಿಗಳ ಹೆಂಡತಿಯರನ್ನು ಮಂಗಳವಾರ ನೋಡುವ ಪದ್ಧತಿ ಇತ್ತಂತೆ. ನನಗೆ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಪಕ್ಕದವಳು ನನ್ನ ಶಾಲಿನಿಂದ ಇಣುಕಿದ ಕೆಂಪು ಕಾಲನ್ನು ನೋಡಿ ಸ್ವಲ್ಪ ದೂರ ಸರಿದು ಕೂತಳು.

ನನ್ನ ಸರದಿ ಬಂತು. ಕರ್ನಲ್ ದಪ್ಪ ಮನುಷ್ಯ, ಕಾಲು ನೋವು, ಒಂದು ಪಾದವನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದರು.

"ನಿನ್ನ ಗಂಡ ಯಾವ ತುಕಡಿ?"

"ನನ್ನ ಗಂಡ ಕಲ್ಲಿದ್ದಲ ದೋಣಿ ನಡೆಸ್ತಿದ್ದ, ಸರ್. ನಾನು ಬಂದಿದ್ದು ಎದೆ ವಿಷಯಕ್ಕೆ."

ಅವರಿಗೆ ಅರ್ಥವಾಗುವ ಮೊದಲೇ ಹಕ್ಕಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಹೆಸ್ಲಪ್ ಕೊಟ್ಟಿದ್ದ ಚಿತ್ರವನ್ನು ಪಕ್ಕದಲ್ಲಿ ಬಿಚ್ಚಿಟ್ಟೆ. ಕಿಟಕಿಯ ಬೆಳಕು ಚೆನ್ನಾಗಿತ್ತು. ಎರಡು ಎದೆಗೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಕರ್ನಲ್ ಗಾಜಿನ ಪೆಟ್ಟಿಗೆಯನ್ನು ತರಿಸಿದರು. ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಬಹಳ ಹೊತ್ತು ನೋಡಿದರು. ಮುಖ ಕೆಂಪಾಯಿತು.

"ಆ ಹುಲ್ಲು ತುಂಬುವವನು ನನಗೆ ಮೋಸ ಮಾಡಿದ್ದಾನೆ. ಸುಣ್ಣ ಬಳಿದಿದ್ದಾನೆ. ಇವತ್ತೇ ವಕೀಲನಿಗೆ ಬರೀತೀನಿ."

"ಅವನದೇನೂ ತಪ್ಪಿಲ್ಲ, ಸರ್. ಆ ಬಣ್ಣ ಜೀವದ ಜೊತೆಗೇ ಹೋಗುತ್ತೆ. ಗುರುವಾರದ ಹೊತ್ತಿಗೆ ಇದೂ ಬಿಳಿ ಆಗುತ್ತೆ."

"ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ಗುರುವಾರ ನೋಡೋಣ. ಆದ್ರೆ ಕೊಡ್ತೀನಿ."

ಸೇತುವೆಗೆ ಬಂದು ಹೇಳಿದಾಗ ಹೆಸ್ಲಪ್ ಕೇಳಿದ: "ಇಷ್ಟು ದಿನ ಬಿಳಿ ಇದೆ ಅಂತ ಕೊಡಲಿಲ್ಲ. ಈಗ ಬಿಳಿ ಆದ್ರೆ ಕೊಡ್ತಾರಾ?"

"ಹೌದು."

"ಅಲ್ಲಿ ತನಕ ಅಡುಗೆಯವಳು ಕಿತ್ತರೆ?"

ಅದಕ್ಕೂ ನಾನು ಹೇಳಿ ಬಂದಿದ್ದೆ. ಹಕ್ಕಿಯನ್ನು ಕರ್ನಲ್‌ರ ಓದುವ ಕೋಣೆಯಲ್ಲೇ, ಬೀಗ ಹಾಕಿದ ಬೀರುವಿನಲ್ಲಿ ಇಟ್ಟರು. ಗುರುವಾರ ಬಿಳಿಯಾಗಿತ್ತು. ಐದು ಪೌಂಡ್ ಎಂಟು ಶಿಲಿಂಗ್ ಬಂತು, ಬೈಗುಳವಿಲ್ಲದೆ. ಕರ್ನಲ್ ಕೊಟ್ಟರು ಅಂತ ಗೊತ್ತಾದ ಮೇಲೆ ಹತ್ತು ದಿನದಲ್ಲಿ ಐದು ಮನೆಯವರು ಕೊಟ್ಟರು. ಒಬ್ಬರು ಪೂರ್ತಿ ತಾಮ್ರದ ಪೆನ್ನಿಗಳಲ್ಲಿ ಕೊಟ್ಟು ಹೆಸ್ಲಪ್ ಹೊತ್ತುಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದರು. ಮೂವತ್ತೆರಡು ಪೌಂಡ್ ಎಂಟು ಶಿಲಿಂಗ್ ಆಯಿತು. ಏಳನೆಯವರು ಮಿಸ್ ರಿಡ್ಸ್‌ಡೇಲ್, ಮದುವೆಯಾಗದ ವಯಸ್ಸಾದ ಹೆಂಗಸು. ಅವರದು ಬಂದಿದ್ದರೆ ಸಾಲ ತೀರಿ ಮಿಕ್ಕುತ್ತಿತ್ತು. ಅವರು ಹ್ಯಾರೊಗೇಟಿಗೆ ಗಂಧಕದ ನೀರು ಕುಡಿಯಲು ಹೋಗಿದ್ದರು, ಈಸ್ಟರ್ ಹಬ್ಬ ಕಳೆದು ಬರುತ್ತಾರೆ ಅಂತ ಅವರ ಮನೆಯಾಳು ಹೇಳಿದ.

ಹೆಸ್ಲಪ್ ಕೈಯಿಂದ ಹಾಕೋಣ ಅಂದರೆ ಅವನ ಪಾಲು ಬಾಡಿಗೆಗೆ, ಬೂಟಿಗೆ ಹೋಗಿತ್ತು. ಗಾರ್ತರು ಗಡಿಯಾರ ಅಡವಿಟ್ಟು ಆಗಲೇ ವರ್ಷವಾಗಿತ್ತು, ಜನವರಿಗೆ ಬರಬೇಕಿದ್ದ ಹನ್ನೆರಡನೇ ಕಂತು ದುಡ್ಡಿಲ್ಲದೆ ನಿಂತಿತ್ತು. ನಮ್ಮ ಒಂಬತ್ತು ಹೆಂಗಸರಿಗೆ ಆರು ವಾರದ ಕೂಲಿ ಬಂದಿರಲಿಲ್ಲ. ಮೂರು ಪೌಂಡ್ ಹನ್ನೆರಡು ಶಿಲಿಂಗ್ ಕಡಿಮೆ ಬಿದ್ದು ಮಾರ್ಚ್ ಇಪ್ಪತ್ತೈದು ಸೋಮವಾರ ಕಾಗದದ ವ್ಯಾಪಾರಿ ಅವನನ್ನು ಜೈಲಿಗೆ ಹಾಕಿಸಿದ.

ಏಪ್ರಿಲ್ ಮಧ್ಯದಲ್ಲಿ ಮಿಸ್ ರಿಡ್ಸ್‌ಡೇಲ್ ಬಂದರು. ಹೆಸ್ಲಪ್ ಜೈಲಿನಲ್ಲೇ ರಸೀದಿ ಬರೆದು, ಸಹಿ ಹಾಕಿ ನನ್ನ ಕೈಗೆ ಕೊಟ್ಟ. ಶನಿವಾರ ಕೆಲಸ ಬಿಟ್ಟು ಹೋದೆ. ಒಳಗೆ ಕರೆದು ಕೂರಿಸಿದರು, ಚಹಾ ಕೊಟ್ಟರು, ಹನ್ನೊಂದು ಕಂತನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ತೋರಿಸಿದರು. ದುಡ್ಡನ್ನೂ ತೋರಿಸಿದರು, ಡ್ರಾಯರಿನಲ್ಲಿ ಎಣಿಸಿ ಇಟ್ಟಿತ್ತು.

"ಆದರೆ ಮಿಸ್ಟರ್ ಹೆಸ್ಲಪ್ ಯಾಕೆ ಬರಲಿಲ್ಲ?"

"ಜೈಲಿನಲ್ಲಿದ್ದಾರೆ, ಮೇಡಂ."

"ಅಯ್ಯೋ ಪಾಪ. ಯಾಕೆ?"

"ಈ ದುಡ್ಡು ಬರಲಿಲ್ಲ ಅಂತ."

"ಹಾಗಾದ್ರೆ ಅವರು ಹೊರಗೆ ಬಂದ ಮೇಲೆ ಕಳಿಸು. ನಮ್ಮ ತಂದೆ ಸಾಯುವಾಗ ಹೇಳಿದ್ದರು, ಸಹಿ ಹಾಕುವ ಕೈ ಕಣ್ಣೆದುರು ಇಲ್ಲದೆ ಯಾರಿಗೂ ದುಡ್ಡು ಕೊಡಬೇಡ ಅಂತ. ಐವತ್ತು ವರ್ಷದಿಂದ ಅದನ್ನ ಮೀರಿಲ್ಲ."

ಕೊಡದೆ ಇದ್ದರೆ ಅವನು ಹೊರಗೆ ಬರುವುದಿಲ್ಲ, ಹೊರಗೆ ಬರದೆ ನೀವು ಕೊಡುವುದಿಲ್ಲ ಅಂತ ನಾನು ನಿಧಾನವಾಗಿ ಹೇಳಿದೆ. ಅವರು ತಲೆಯಾಡಿಸಿ, "ಬಹಳ ಕಷ್ಟದ ವಿಷಯ," ಅಂದು ಇನ್ನೊಂದು ಬಿಸ್ಕತ್ತು ಕೊಟ್ಟರು.

ಹಾಗೆ ನಾಲ್ಕು ಶನಿವಾರ ಹೋದೆ. ಪ್ರತಿ ಸಲವೂ ಚಹಾ, ಬಿಸ್ಕತ್ತು, ಡ್ರಾಯರ್. ಪ್ರತಿ ಭಾನುವಾರ ಜೈಲಿಗೆ ಹೋಗಿ ಹೆಸ್ಲಪ್‌ಗೆ ಹೇಳಬೇಕು. ಅವನು ಕಂಬಿ ಹಿಡಿದು, "ಡ್ರಾಯರ್ ತೆಗೆದ್ರಾ?" ಅನ್ನುವನು. "ತೆಗೆದ್ರು." "ಮುಚ್ಚಿದ್ರಾ?" "ಮುಚ್ಚಿದ್ರು." ಅವನಿಗೆ ಕೆಮ್ಮು ಶುರುವಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು.

ಐದನೇ ಶನಿವಾರ ನಾನು ಚಹಾ ಕುಡಿಯಲಿಲ್ಲ. "ಮೇಡಂ, ಕೈ ಇಲ್ಲಿಗೆ ಬರಕ್ಕಾಗಲ್ಲ. ನೀವು ಕೈ ಇರೋ ಕಡೆ ಬನ್ನಿ," ಅಂದೆ. ಅವರು ಯೋಚಿಸಿದರು. ತಂದೆ ಅದರ ಬಗ್ಗೆ ಏನೂ ಹೇಳಿರಲಿಲ್ಲ.

ಮೇ ಇಪ್ಪತ್ತೇಳು, ಸೋಮವಾರ, ಮಿಸ್ ರಿಡ್ಸ್‌ಡೇಲ್‌ರ ಸಾರೋಟು ಜೈಲಿನ ಮುಂದೆ ನಿಂತಿತು. ಮಳೆ ಇರಲಿಲ್ಲ, ಆದರೂ ಛತ್ರಿ ಬಿಚ್ಚಿಕೊಂಡೇ ಒಳಗೆ ಬಂದರು. ಸಾಲಗಾರರೆಲ್ಲ ಎದ್ದು ನಿಂತು ಟೋಪಿ ತೆಗೆದರು. ಹೆಸ್ಲಪ್ ಕಂಬಿಯ ಆಚೆ ರಸೀದಿಗೆ ಸಹಿ ಹಾಕಿದ. ಅವರು ಸಹಿಯನ್ನೂ ಕೈಯನ್ನೂ ನೋಡಿ, ನಾಣ್ಯಗಳನ್ನು ಒಂದೊಂದಾಗಿ ಕಂಬಿಯ ಸಂದಿನಲ್ಲಿ ಕೊಟ್ಟರು. "ಹನ್ನೆರಡನೇ ಕಂತು ಯಾವಾಗ, ಮಿಸ್ಟರ್ ಹೆಸ್ಲಪ್?" ಅಂತ ಕೇಳಿ ಹೊರಟುಹೋದರು. ಸಾಲ, ಜೈಲಿನ ಖರ್ಚು ಎಲ್ಲ ಕಳೆದು ಅವನ ಕೈಯಲ್ಲಿ ಏಳು ಶಿಲಿಂಗ್ ಉಳಿಯಿತು.

ಸಂಜೆ ನಾಲ್ಕಕ್ಕೆ ಬಿಟ್ಟರು. ಬಾಗಿಲ ಹೊರಗೆ ನಾನು ಅವನ ಚೀಲ ಹಿಡಿದು ನಿಂತಿದ್ದೆ. ಮಾರನೇ ದಿನ ಅವನು ಕಲ್ಲಿದ್ದಲ ಹಡಗು ಹತ್ತಿ ಹಲ್ ಊರಿನಲ್ಲಿದ್ದ ತಂಗಿಯ ಮನೆಗೆ ಕೆಮ್ಮು ವಾಸಿ ಮಾಡಿಕೊಳ್ಳಲು ಹೋದ. ಆ ಚಳಿಗಾಲ ಅಲ್ಲೇ ತೀರಿಕೊಂಡ. ಹಾಗಾಗಿ ನಾನು ಅವನನ್ನು ನೋಡಿದ್ದು ಆ ಸಂಜೆಯೇ ಕೊನೆ. ಜೈಲಿನ ಬಾಗಿಲಲ್ಲಿ ನಾನು ಚೀಲ ಕೊಡಲು ಹೋದೆ. ಅವನು ಕೈ ಚಾಚಲಿಲ್ಲ. ಬೀದಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದ, ಕೆಮ್ಮಿದ, ಬೂಟಿನ ತುದಿ ನೋಡಿಕೊಂಡ.

"ಮಿಸೆಸ್ ಸ್ನೇತ್," ಅಂದ. "ಹನ್ನೆರಡನೇ ಕಂತಿನ ದುಡ್ಡು ಕೇಳಕ್ಕೆ ಕರ್ನಲ್ ಮನೆಗೆ ನೀವೇ ಹೋಗ್ತೀರಾ?"